ಮಗು ಐಸಿಯುನಲ್ಲಿ, ಬಾಣಂತಿ ಮಾಟುಂಗದಲ್ಲಿ: ಹೃದಯದ ಆಪರೇಷನ್‌ಗೆ ಮುಂಚಿನ ದಿನಗಳು

ಹೆರಿಗೆಯಾಗಿ ಎರಡನೇ ದಿನ. ನರ್ಸ್ ಬಂದು ಮಗುವಿನ ಬಲಗೈಗೂ ಒಂದು ಪಾದಕ್ಕೂ ಪಲ್ಸ್ ಆಕ್ಸಿಮೀಟರ್‌ನ ಪಟ್ಟಿ ಸುತ್ತುತ್ತಾರೆ. ಅಂಕಿ ನೋಡಿ ಏನೂ ಹೇಳದೆ ಡಾಕ್ಟರನ್ನು ಕರೆಯುತ್ತಾರೆ. ಡಾಕ್ಟರು ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸುತ್ತಾರೆ, ಎಕೋ ಮಾಡಿಸುತ್ತಾರೆ. ಸಂಜೆಯ ಹೊತ್ತಿಗೆ ಮಗು ಐಸಿಯುನಲ್ಲಿ, ನೀವು ವಾರ್ಡ್‌ನಲ್ಲಿ. ‘ಹೃದಯದಲ್ಲಿ ತೊಂದರೆ ಇದೆ. ಆಪರೇಷನ್ ಬೇಕಾಗುತ್ತದೆ. ಆದರೆ ಇವತ್ತೇ ಅಲ್ಲ’ ಎಂದು ಹೇಳಿ ಡಾಕ್ಟರು ಹೋಗುತ್ತಾರೆ.

ಈ ‘ಇವತ್ತೇ ಅಲ್ಲ’ ಎನ್ನುವುದು ಮೂರು ದಿನವೂ ಆಗಬಹುದು, ಮೂರು ವಾರವೂ ಆಗಬಹುದು. ಅಷ್ಟು ದಿನ ಬಾಗಿಲ ಹೊರಗೆ ಕೂರುವುದು ಬಿಟ್ಟರೆ ತಮಗೆ ಬೇರೇನೂ ಕೆಲಸವಿಲ್ಲ ಎಂದು ಹೆಚ್ಚಿನ ತಂದೆತಾಯಿ ಅಂದುಕೊಳ್ಳುತ್ತಾರೆ. ಅದು ನಿಜವಲ್ಲ. ಈ ದಿನಗಳಲ್ಲಿ ಮಗುವಿಗೆ ಬೇಕಾದ ಕೆಲವು ಸಂಗತಿಗಳನ್ನು ಆಸ್ಪತ್ರೆ ಕೊಡಲಾರದು, ನೀವೇ ಕೊಡಬೇಕು. ಅವುಗಳಲ್ಲಿ ದೊಡ್ಡದು ಹಾಲು.

ಭಾರತದಲ್ಲಿ ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು ಎಂಟು-ಒಂಬತ್ತು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ದೋಷ ಇರುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿದ ಅಂದಾಜು. ಎಲ್ಲರಿಗೂ ಆಪರೇಷನ್ ಬೇಕಿಲ್ಲ. ಚಿಕ್ಕ ರಂಧ್ರಗಳು ಎಷ್ಟೋ ಸಲ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಐದರಲ್ಲಿ ಒಂದು ಮಗುವಿಗೆ ಮಾತ್ರ ಮೊದಲ ವರ್ಷದೊಳಗೇ ಚಿಕಿತ್ಸೆ ಆಗಲೇಬೇಕು. ಈ ಬರಹ ಅಂಥ ಮಗುವಿನ ತಂದೆತಾಯಿಗಾಗಿ. ಅದರಲ್ಲೂ ಮಾಟುಂಗದಂಥ ಕಡೆ ನೆಲೆಸಿದ, ಆಸ್ಪತ್ರೆಯಲ್ಲಿ ಮರಾಠಿ-ಹಿಂದಿ, ಮನೆಯಲ್ಲಿ ಕನ್ನಡವೋ ತುಳುವೋ ಆಡುವ, ಹೆರಿಗೆಗೆಂದು ಊರಿನಿಂದ ಅಮ್ಮನನ್ನೋ ಅತ್ತೆಯನ್ನೋ ಕರೆಸಿಕೊಂಡ ಕುಟುಂಬಗಳಿಗಾಗಿ.

ಕಾಯುವುದು ಏಕೆ?

ಗರ್ಭದಲ್ಲಿರುವಾಗ ಮಗು ಉಸಿರಾಡುವುದಿಲ್ಲ. ಆಮ್ಲಜನಕ ಬರುವುದು ಮಾಸಿನಿಂದ. ಆದ್ದರಿಂದ ರಕ್ತ ಶ್ವಾಸಕೋಶವನ್ನು ಬಳಸಿಕೊಂಡು ಮುಂದೆ ಸಾಗಲು ಪ್ರಕೃತಿ ಎರಡು ಅಡ್ಡದಾರಿಗಳನ್ನು ಇಟ್ಟಿದೆ. ಒಂದು, ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಕಿಂಡಿ. ಇನ್ನೊಂದು, ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳನ್ನು ಜೋಡಿಸುವ ಸಣ್ಣ ಕೊಳವೆ. ಈ ಕೊಳವೆಗೆ ಡಕ್ಟಸ್ ಆರ್ಟೀರಿಯೋಸಸ್ ಎಂದು ಹೆಸರು. ಐಸಿಯುನಲ್ಲಿ ಬರೀ ‘ಡಕ್ಟ್’ ಎನ್ನುತ್ತಾರೆ. ಹುಟ್ಟಿದ ಮೇಲೆ ಎರಡೂ ಬೇಡ. ಡಕ್ಟ್ ಒಂದೆರಡು ದಿನದಲ್ಲಿ ಕುಗ್ಗಿ ಮುಚ್ಚಿಕೊಳ್ಳುತ್ತದೆ.

ಆರೋಗ್ಯವಂತ ಮಗುವಿಗೆ ಇದು ಒಳ್ಳೆಯದು. ಕೆಲವು ದೋಷಗಳಲ್ಲಿ ಮಾತ್ರ ಈ ಅಡ್ಡದಾರಿಯೇ ಜೀವದ ದಾರಿಯಾಗಿರುತ್ತದೆ. ಉದಾಹರಣೆಗೆ, ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿ ಹುಟ್ಟಿದ ಮಗು. ಇದನ್ನು ಡಾಕ್ಟರುಗಳು ‘ಟಿಜಿಎ’ ಎನ್ನುತ್ತಾರೆ. ಅಲ್ಲಿ ಶ್ವಾಸಕೋಶದಿಂದ ಬಂದ ಕೆಂಪು ರಕ್ತ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ, ಮೈಯಿಂದ ಬಂದ ರಕ್ತ ಮತ್ತೆ ಮೈಗೇ ಹೋಗುತ್ತದೆ. ಎರಡು ಪ್ರತ್ಯೇಕ ಸುತ್ತು. ನಡುವೆ ಎಲ್ಲೋ ಒಂದು ಕಡೆ ಬೆರೆತರೆ ಮಾತ್ರ ಮಗುವಿಗೆ ಆಮ್ಲಜನಕ. ಡಕ್ಟ್ ಮುಚ್ಚಿದರೆ ಬೆರೆಯುವ ಜಾಗ ಹೋಯಿತು. ಹುಟ್ಟಿದಾಗ ಚೆನ್ನಾಗಿದ್ದ ಮಗು ಎರಡನೇ ದಿನ, ಮೂರನೇ ದಿನ ಇದ್ದಕ್ಕಿದ್ದಂತೆ ನೀಲಿಗಟ್ಟುವುದಕ್ಕೆ ಇದೂ ಒಂದು ಕಾರಣ.

ಪ್ರೋಸ್ಟಾಗ್ಲಾಂಡಿನ್ ಎಂಬ ಔಷಧಿ ಈ ಡಕ್ಟನ್ನು ತೆರೆದಿಡುತ್ತದೆ. 1970ರ ದಶಕದ ಮಧ್ಯದಲ್ಲಿ ಇದು ನವಜಾತ ಶಿಶುಗಳಿಗೆ ಬಳಕೆಗೆ ಬಂತು. ಅದಕ್ಕಿಂತ ಮುಂಚೆ ಇಂಥ ಮಗು ಹುಟ್ಟಿದರೆ ಓಡಬೇಕಿತ್ತು, ಓಡಿದರೂ ಹೆಚ್ಚಿನ ಸಲ ತಲುಪುತ್ತಿರಲಿಲ್ಲ. ಮಗುವಿನ ಪಕ್ಕದ ಸಿರಿಂಜ್ ಪಂಪ್‌ನಲ್ಲಿ ಹನಿಹನಿಯಾಗಿ ಹೋಗುತ್ತಿರುವ ಔಷಧಿ ಇದೇ ಆಗಿದ್ದರೆ, ಆಪರೇಷನ್‌ಗೆ ಸಮಯ ಕೊಡುತ್ತಿರುವುದೇ ಅದು. ಅದರ ದೆಸೆಯಿಂದ ಮಗುವಿಗೆ ಜ್ವರ ಬರಬಹುದು, ಮೈ ಕೆಂಪಾಗಬಹುದು, ನಡುನಡುವೆ ಉಸಿರು ನಿಂತು ಅಲಾರಂ ಹೊಡೆಯಬಹುದು. ಆಗ ನರ್ಸ್ ಓಡಿ ಬಂದು ಪಾದ ಉಜ್ಜುವುದನ್ನು ನೋಡಿದರೆ ನಿಮ್ಮ ಎದೆ ಧಸಕ್ಕೆನ್ನುತ್ತದೆ. ಇದು ಈ ಔಷಧಿಯ ಗೊತ್ತಿರುವ ಅಡ್ಡಪರಿಣಾಮ. ಅದಕ್ಕೆಂದೇ ಮಗುವನ್ನು ಐಸಿಯುನಲ್ಲಿ ಇಟ್ಟಿರುತ್ತಾರೆ.

ಕೆಲವು ಮಕ್ಕಳಿಗೆ ಇದರ ಜೊತೆಗೆ ಹೃದಯದ ಮೇಲಿನ ಕಿಂಡಿಯನ್ನು ಸಣ್ಣ ಬಲೂನಿನಿಂದ ಅಗಲಿಸುತ್ತಾರೆ. ವಿಲಿಯಂ ರಾಶ್‌ಕಿಂಡ್ ಎಂಬ ಅಮೆರಿಕದ ವೈದ್ಯರು 1966ರಲ್ಲಿ ವರದಿ ಮಾಡಿದ ವಿಧಾನ ಅದು. ಎದೆ ಸೀಳುವುದಿಲ್ಲ, ರಕ್ತನಾಳದ ಮೂಲಕವೇ ತೂರಿಸುತ್ತಾರೆ. ‘ಬಲೂನ್ ಆಯಿತಲ್ಲ, ಇನ್ನು ಆಪರೇಷನ್ ಯಾಕೆ?’ ಎಂದು ಮನೆಯವರು ಕೇಳುತ್ತಾರೆ. ಬಲೂನ್ ಮಾಡುವುದು ಸಮಯ ಕೊಂಡುಕೊಳ್ಳುವುದಕ್ಕೆ. ರಕ್ತನಾಳಗಳನ್ನು ಅವುಗಳ ಜಾಗಕ್ಕೆ ಸೇರಿಸುವ ಕೆಲಸ ಬಾಕಿಯೇ ಇರುತ್ತದೆ. ಆ ಶಸ್ತ್ರಚಿಕಿತ್ಸೆಯನ್ನು ಮೊದಲ ಬಾರಿಗೆ ಯಶಸ್ವಿಯಾಗಿ ಮಾಡಿದವರು ಬ್ರೆಜಿಲ್‌ನ ಅಡಿಬ್ ಜಟೇನೆ, 1975ರಲ್ಲಿ. ಇಂದು ಅನುಭವಿ ಕೇಂದ್ರಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಇದರಿಂದ ಬದುಕಿ ಬರುತ್ತಾರೆ.

ಹಾಗಾದರೆ ಹುಟ್ಟಿದ ದಿನವೇ ಏಕೆ ಮಾಡುವುದಿಲ್ಲ? ಹುಟ್ಟಿದ ಕೆಲವು ದಿನ ಶ್ವಾಸಕೋಶದ ರಕ್ತನಾಳಗಳು ಬಿಗಿಯಾಗಿರುತ್ತವೆ, ಅವು ಸಡಿಲಗೊಳ್ಳಬೇಕು. ಸೋಂಕು ಇಲ್ಲವೆಂದು ಖಚಿತವಾಗಬೇಕು. ಮೆದುಳು, ಕಿಡ್ನಿ ಸರಿಯಿವೆಯೇ ನೋಡಬೇಕು. ತೂಕ ಕಡಿಮೆಯಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ಕಡೆ, ತುಂಬ ತಡ ಮಾಡುವ ಹಾಗೂ ಇಲ್ಲ. ಟಿಜಿಎ ಇದ್ದರೆ ಸಾಮಾನ್ಯವಾಗಿ ಮೊದಲ ಎರಡು-ಮೂರು ವಾರದೊಳಗೆ ಆಗಬೇಕು, ಇಲ್ಲದಿದ್ದರೆ ಹೃದಯದ ಎಡಭಾಗ ಬಲ ಕಳೆದುಕೊಳ್ಳುತ್ತದೆ. ಕೆಳಗಿನ ಕೋಣೆಗಳ ನಡುವೆ ದೊಡ್ಡ ರಂಧ್ರ ಮಾತ್ರ ಇದ್ದರೆ ಕೆಲವು ತಿಂಗಳು ಕಾಯಬಹುದು. ಶ್ವಾಸಕೋಶದಿಂದ ಬರುವ ನಾಳಗಳೇ ಅಡಚಿದ್ದರೆ ಒಂದು ರಾತ್ರಿಯೂ ಕಾಯುವಂತಿಲ್ಲ. ಆದ್ದರಿಂದ ಪಕ್ಕದ ಹಾಸಿಗೆಯ ಮಗುವಿನ ತಾರೀಖಿಗೂ ನಿಮ್ಮ ಮಗುವಿನ ತಾರೀಖಿಗೂ ಹೋಲಿಕೆ ಮಾಡಬೇಡಿ.

ಮಾನಿಟರ್‌ನ ಆ ಅಂಕಿ

ಕೋವಿಡ್ ಕಾಲದಲ್ಲಿ ಮನೆಮನೆಗೂ ಆಕ್ಸಿಮೀಟರ್ ಬಂತು. 95ಕ್ಕಿಂತ ಕೆಳಗೆ ಹೋದರೆ ಆಸ್ಪತ್ರೆಗೆ ಓಡಬೇಕು ಎಂಬುದು ಎಲ್ಲರಿಗೂ ಬಾಯಿಪಾಠವಾಯಿತು. ಅದೇ ಕಣ್ಣಿನಿಂದ ಈ ಮಾನಿಟರ್ ನೋಡಿದರೆ ತಪ್ಪಾಗುತ್ತದೆ. ಕೆಂಪು ರಕ್ತ, ನೀಲಿ ರಕ್ತ ಬೆರೆಯುವ ಹೃದಯದಲ್ಲಿ ಆಪರೇಷನ್‌ಗೆ ಮುಂಚೆ 75ರಿಂದ 85ರ ಆಸುಪಾಸು ಇದ್ದರೆ ಎಷ್ಟೋ ಮಕ್ಕಳಿಗೆ ಅದು ಸಾಕು. ‘ಆಕ್ಸಿಜನ್ ಜಾಸ್ತಿ ಕೊಡಿ’ ಎಂದು ನರ್ಸನ್ನು ಒತ್ತಾಯಿಸುವ ತಂದೆಯರಿದ್ದಾರೆ. ಕೆಲವು ದೋಷಗಳಲ್ಲಿ ಹೆಚ್ಚುವರಿ ಆಮ್ಲಜನಕ ಕೊಟ್ಟರೆ ರಕ್ತವೆಲ್ಲ ಶ್ವಾಸಕೋಶದ ಕಡೆ ನುಗ್ಗಿ ಮೈಗೆ ಕಡಿಮೆಯಾಗುತ್ತದೆ, ಡಕ್ಟ್ ಮುಚ್ಚುವುದಕ್ಕೂ ಅದು ಎಡೆ ಮಾಡಿಕೊಡುತ್ತದೆ. ಹಾಗಾಗಿ ಕೇಳಬೇಕಾದದ್ದು ಒಂದೇ ಮಾತು: ‘ನನ್ನ ಮಗುವಿಗೆ ಎಷ್ಟಿದ್ದರೆ ಸರಿ? ಎಷ್ಟಕ್ಕಿಂತ ಕೆಳಗೆ ಹೋದರೆ ನೀವು ಚಿಂತಿಸುತ್ತೀರಿ?’ ಉತ್ತರವನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಮಾನಿಟರ್ ಬಿಟ್ಟು ಮಗುವಿನ ಮುಖ ನೋಡಿ.

ಬಾಣಂತಿ ಹೊರಗೆ ಹೋಗಬಹುದೇ?

ಡಾಕ್ಟರ ಹತ್ತಿರ ಯಾರೂ ಕೇಳದ, ಮನೆಯಲ್ಲಿ ಮಾತ್ರ ದೊಡ್ಡ ಜಗಳವಾಗುವ ಪ್ರಶ್ನೆ ಇದು. ಬಾಣಂತಿ ನಲವತ್ತು ದಿನ ಗಾಳಿಗೆ ಹೋಗಬಾರದು, ಕಿವಿಗೆ ಹತ್ತಿ ಇಟ್ಟುಕೊಂಡು ತಲೆಗೆ ಬಟ್ಟೆ ಕಟ್ಟಿಕೊಂಡು ಬೆಚ್ಚಗೆ ಮಲಗಿರಬೇಕು. ನಮ್ಮ ಅಜ್ಜಿಯರು ಇದನ್ನು ತಾಯಿಗೆ ವಿಶ್ರಾಂತಿ ಸಿಗಲಿ ಎಂದೇ ಮಾಡಿದ್ದು, ಅದರಲ್ಲಿ ಒಳ್ಳೆಯದೂ ಇದೆ. ಆದರೆ ಆ ಪದ್ಧತಿಯಲ್ಲಿ ಮಗು ತಾಯಿಯ ಮಗ್ಗುಲಲ್ಲೇ ಇರುತ್ತದೆ. ಇಲ್ಲಿ ಮಗು ಇರುವುದು ಎರಡು ಸ್ಟೇಷನ್ ಆಚೆ.

ಮಾಟುಂಗದಿಂದ ಸಾಯನ್ ಒಂದು ಸ್ಟೇಷನ್. ಆ ಕಡೆ ದಾದರ್ ದಾಟಿದರೆ ಪರೇಲ್, ಅಲ್ಲೇ ಕೆಇಎಂ, ಅಲ್ಲೇ ಮಕ್ಕಳ ವಾಡಿಯಾ ಆಸ್ಪತ್ರೆ. ಇಷ್ಟು ಹತ್ತಿರದಲ್ಲಿ ಇದ್ದೂ ತಾಯಿ ಮನೆಯಲ್ಲೇ ಉಳಿದು, ಅಪ್ಪ ಒಬ್ಬನೇ ಫೈಲು ಹಿಡಿದು ಓಡಾಡಿದರೆ ಅದರ ನಷ್ಟ ಮಗುವಿಗೆ. ತಾಯಿ ದಿನಕ್ಕೆ ಒಮ್ಮೆಯಾದರೂ ಮಗುವಿನ ಪಕ್ಕ ಕುಳಿತು ಬಂದರೆ ಹಾಲು ಹೆಚ್ಚು ಬರುತ್ತದೆ. ಕಾಣದೆ ಇದ್ದರೆ ಮನಸ್ಸಿನ ಸಂಕಟಕ್ಕೆ ಹಾಲು ಹಿಂದೆ ಸರಿಯುತ್ತದೆ.

ಸಾಮಾನ್ಯ ಹೆರಿಗೆಯಾಗಿದ್ದು ಮೈ ಚೆನ್ನಾಗಿದ್ದರೆ ಹೋಗಿಬರಲು ವೈದ್ಯಕೀಯವಾಗಿ ಅಡ್ಡಿಯಿಲ್ಲ. ಸಿಸೇರಿಯನ್ ಆಗಿದ್ದರೆ ನಿಮ್ಮ ಹೆರಿಗೆ ಡಾಕ್ಟರನ್ನು ಕೇಳಿ, ಮೆಟ್ಟಿಲು ಕಡಿಮೆಯಿರುವ ದಾರಿ ನೋಡಿಕೊಳ್ಳಿ. ಬೆಳಗಿನ ಎಂಟರಿಂದ ಹನ್ನೊಂದರ ಲೋಕಲ್ ಟ್ರೈನು ಬಾಣಂತಿಗೆ ಹೇಳಿದ್ದಲ್ಲ, ಟ್ಯಾಕ್ಸಿಯೇ ಸರಿ. ಅಜ್ಜಿಗೆ ಸಮಾಧಾನವಾಗುವುದಾದರೆ ತಲೆಗೆ ಸ್ಕಾರ್ಫ್ ಕಟ್ಟಿಕೊಂಡೇ ಹೋಗಿ. ಅದರಿಂದ ಯಾರಿಗೂ ತೊಂದರೆಯಿಲ್ಲ. ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪದ ಅನ್ನವೂ ಇರಲಿ. ‘ನೀರು ಜಾಸ್ತಿ ಕುಡಿಯಬೇಡ, ಹೊಟ್ಟೆ ಬರುತ್ತದೆ’ ಎಂಬ ಮಾತನ್ನು ಮಾತ್ರ ಕೇಳಬೇಡಿ. ಹಾಲು ಹಿಂಡುವ ತಾಯಿಗೆ ನೀರು ಬೇಕೇ ಬೇಕು.

ಜ್ವರ, ದುರ್ವಾಸನೆಯ ಸ್ರಾವ, ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಒಂದೇ ಕಾಲಿನ ಊತ. ಇವುಗಳಲ್ಲಿ ಒಂದು ಕಂಡರೂ ಮಗುವನ್ನು ನೋಡಲು ಹೋಗುವ ಮುಂಚೆ ನಿಮ್ಮನ್ನು ತೋರಿಸಿಕೊಳ್ಳಿ. ಮಗುವಿನ ಗಲಾಟೆಯಲ್ಲಿ ತಾಯಿಯ ಕಾಯಿಲೆ ಕಣ್ತಪ್ಪುವುದು ಅಪರೂಪವಲ್ಲ.

ಐಸಿಯು ಬಾಗಿಲಲ್ಲಿ ಇನ್ನೊಂದು ಸಂಕಟ ಕಾದಿರುತ್ತದೆ. ಮೊಣಕೈವರೆಗೆ ಕೈ ತೊಳೆಯಬೇಕು, ಉಂಗುರ, ವಾಚು, ಬಳೆ ತೆಗೆಯಬೇಕು. ಸೀಮಂತದಲ್ಲಿ ತೊಡಿಸಿದ ಹಸಿರು ಗಾಜಿನ ಬಳೆ ಇನ್ನೂ ಕೈಯಲ್ಲೇ ಇರುತ್ತದೆ. ಬಾಣಂತಿ ಬಳೆ ತೆಗೆದು ಬರಿಗೈಯಾಗುವುದು ಹಿರಿಯರಿಗೆ ಅಪಶಕುನ. ಕಾರಣ ಸರಳ: ಬಳೆಯ ಕೆಳಗಿನ ಚರ್ಮ ಸರಿಯಾಗಿ ತೊಳೆದಿರುವುದಿಲ್ಲ. ರಕ್ತನಾಳದಲ್ಲಿ ಸೂಜಿ ಇರುವ ಮಗುವಿಗೆ ಸೋಂಕು ತಗುಲಿದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ, ಕೆಲವೊಮ್ಮೆ ಮಗುವೇ ಕೈತಪ್ಪುತ್ತದೆ. ಬಳೆಗಳನ್ನು ಒಂದು ಬಟ್ಟೆಯಲ್ಲಿ ಕಟ್ಟಿ ದೇವರ ಮುಂದೆ ಇಡಿ, ಮಗು ಮನೆಗೆ ಬಂದ ದಿನ ತೊಟ್ಟುಕೊಳ್ಳಿ ಎಂದು ಹೇಳಿದರೆ ಹಿರಿಯರೂ ಒಪ್ಪುತ್ತಾರೆ. ದೃಷ್ಟಿಬೊಟ್ಟು, ಕಾಡಿಗೆ, ಉಡಿದಾರ, ಕರಿಮಣಿ ಕೂಡ ಮನೆಗೆ ಬಂದ ಮೇಲಿನ ಮಾತು.

ಹಾಲು

ಮಗುವಿಗೆ ಈಗ ಬಾಯಿಗೆ ಏನೂ ಕೊಡುತ್ತಿಲ್ಲ ಎಂದು ಡಾಕ್ಟರು ಹೇಳಿರಬಹುದು. ಕೆಲವು ದೋಷಗಳಲ್ಲಿ ಕರುಳಿಗೆ ರಕ್ತ ಕಡಿಮೆ ಹೋಗುವುದರಿಂದ ಹಾಲು ಕೊಟ್ಟರೆ ಕರುಳಿಗೆ ಅಪಾಯ. ಇನ್ನು ಕೆಲವು ಮಕ್ಕಳಿಗೆ ಮೂಗಿನ ನಳಿಕೆಯಲ್ಲಿ ಒಂದೆರಡು ಮಿಲಿಲೀಟರ್ ಕೊಡುತ್ತಾರೆ. ಎರಡರಲ್ಲಿ ಯಾವುದೇ ಆದರೂ ನೀವು ಹಾಲು ಹಿಂಡುವುದನ್ನು ಇವತ್ತೇ ಶುರು ಮಾಡಬೇಕು. ಮಗು ಕುಡಿಯದಿದ್ದರೆ, ಹಿಂಡಿ ತೆಗೆಯದಿದ್ದರೆ, ಎದೆ ಬೇಗನೆ ಬತ್ತಿಹೋಗುತ್ತದೆ. ಆಪರೇಷನ್ ಮುಗಿದು ‘ಈಗ ಹಾಲು ತನ್ನಿ’ ಎಂದು ಕೇಳುವ ದಿನ ಕೊಡಲು ಇರುವುದಿಲ್ಲ.

ಇಪ್ಪತ್ತನಾಲ್ಕು ಗಂಟೆಯಲ್ಲಿ ಎಂಟು ಸಲ, ಅದರಲ್ಲಿ ಒಂದು ಸಲ ನಡುರಾತ್ರಿಯಲ್ಲಿ. ಹಾಲು ಉತ್ಪತ್ತಿ ಮಾಡುವ ಹಾರ್ಮೋನು ರಾತ್ರಿ ಹೆಚ್ಚಿರುತ್ತದೆ, ಅದಕ್ಕೇ ಈ ರಾತ್ರಿಯ ಸರದಿ ತಪ್ಪಿಸಬಾರದು. ಮೊದಲ ಎರಡು ದಿನ ಪಂಪ್‌ಗಿಂತ ಕೈಯಲ್ಲಿ ಹಿಂಡುವುದೇ ಸುಲಭ. ಬರುವುದು ಕೆಲವೇ ಹನಿ, ಹಳದಿ, ಅಂಟಂಟು. ಇದನ್ನು ‘ಕೆಟ್ಟ ಹಾಲು’ ಎಂದು ಚೆಲ್ಲಿಸುವ ಮನೆಗಳು ಇನ್ನೂ ಇವೆ. ಸೋಂಕಿನ ವಿರುದ್ಧ ಹೋರಾಡುವ ಅಂಶಗಳು ಅತಿ ಹೆಚ್ಚಿರುವುದು ಈ ಹಾಲಿನಲ್ಲೇ. ಹೊಟ್ಟೆಗೆ ಹಾಲು ಕೊಡದ ಮಗುವಿಗೂ ಅನೇಕ ಐಸಿಯುಗಳಲ್ಲಿ ಈ ಹನಿಗಳನ್ನು ಕೆನ್ನೆಯ ಒಳಬದಿಗೆ ಸವರುತ್ತಾರೆ. ‘ನನ್ನ ಹಾಲನ್ನು ಬಾಯಿಗೆ ಸವರಬಹುದೇ?’ ಎಂದು ನೀವೇ ಕೇಳಿ. ಜೇನುತುಪ್ಪ, ಸಕ್ಕರೆ ನೀರು, ತೇದ ಬಜೆಯನ್ನು ಮಾತ್ರ ಯಾರೂ ಕದ್ದುಮುಚ್ಚಿಯೂ ಕೊಡಬಾರದು.

ಮನೆಯಲ್ಲಿ ಹಿಂಡಿದ್ದನ್ನು ಒಯ್ಯುವುದಾದರೆ ಆಸ್ಪತ್ರೆ ಹೇಳಿದ ಡಬ್ಬಿಯಲ್ಲೇ ಹಾಕಿ. ತಾಯಿಯ ಹೆಸರು, ತಾರೀಖು, ಹಿಂಡಿದ ಗಂಟೆ ಬರೆದು ಅಂಟಿಸಿ. ಫ್ರಿಜ್‌ನ ಬಾಗಿಲಲ್ಲಿ ಬೇಡ, ಒಳಗಿನ ಹಲಗೆಯಲ್ಲಿ ಇಡಿ, ಐಸ್ ಪ್ಯಾಕ್ ಇಟ್ಟ ಚೀಲದಲ್ಲಿ ಒಯ್ಯಿರಿ. ಹೊರಗಿಟ್ಟ ಹಾಲಿಗೆ ನಾಲ್ಕು ಗಂಟೆ ಎಂಬುದು ಸಾಮಾನ್ಯ ಮಿತಿ. ಮೇ ತಿಂಗಳ ಮುಂಬೈ ಸೆಕೆಯಲ್ಲಿ ಅಷ್ಟನ್ನೂ ನಂಬಬೇಡಿ.

ಎಷ್ಟು ಪ್ರಯತ್ನಪಟ್ಟರೂ ಹಾಲು ಸಾಲದಿದ್ದರೆ? ಆಗ ದಾನದ ಹಾಲಿಗೆ ದಾರಿಯಿದೆ. ಮಾಟುಂಗದ ಪಕ್ಕದಲ್ಲೇ, ಸಾಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆಯಲ್ಲಿ, ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲಿ ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕ್ ಆರಂಭಿಸಿದರು. ಹಾಲು ಹೆಚ್ಚಿರುವ ತಾಯಂದಿರು ಕೊಡುತ್ತಾರೆ. ಅದನ್ನು ಪರೀಕ್ಷಿಸಿ, ಹದವಾಗಿ ಕಾಯಿಸಿ ಸೂಕ್ಷ್ಮಾಣುಗಳನ್ನು ನಾಶಮಾಡಿ, ಅಗತ್ಯವಿರುವ ಶಿಶುಗಳಿಗೆ ಕೊಡುತ್ತಾರೆ. ಈಗ ದೇಶದ ಅನೇಕ ದೊಡ್ಡ ಆಸ್ಪತ್ರೆಗಳಲ್ಲಿ ಇಂಥ ಬ್ಯಾಂಕ್‌ಗಳಿವೆ. ಪಕ್ಕದ ಮನೆಯ ಬಾಣಂತಿಯ ಹಾಲನ್ನು ಪರೀಕ್ಷಿಸದೆ ನೇರವಾಗಿ ತಂದುಕೊಡುವುದು ಮಾತ್ರ ಬೇಡ, ಎಷ್ಟೇ ಒಳ್ಳೆಯ ಮನಸ್ಸಿನಿಂದ ಕೊಟ್ಟರೂ.

ಬಾಯಿಯಿಂದ ಕುಡಿಸಲು ಅನುಮತಿ ಸಿಕ್ಕಿದಾಗ ಮಗು ಎರಡು ಗುಟುಕಿಗೇ ಬೆವರಿ, ಏದುಸಿರುಬಿಟ್ಟು ನಿಲ್ಲಿಸಿದರೆ ಅದು ಹಟವಲ್ಲ, ಹೃದಯದ ಆಯಾಸ. ಒಳಲೆಯಲ್ಲಿ ಬಲವಂತವಾಗಿ ಸುರಿಯಬೇಡಿ. ನರ್ಸ್‌ಗೆ ಹೇಳಿ, ಉಳಿದದ್ದನ್ನು ನಳಿಕೆಯಲ್ಲಿ ಕೊಡುತ್ತಾರೆ.

ನಿಮ್ಮ ಕೈ, ನಿಮ್ಮ ದನಿ

ತಾಯಿ-ತಂದೆಯನ್ನು ನವಜಾತ ಶಿಶುಗಳ ವಾರ್ಡ್‌ನ ಆರೈಕೆಯಲ್ಲಿ ಸೇರಿಸಿಕೊಳ್ಳಬೇಕು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಎಲ್ಲ ಕಡೆ ಒಂದೇ ರೀತಿ ಜಾರಿಯಾಗಿಲ್ಲ ಎಂಬುದೂ ನಿಜ. ಕೆಲವು ಕಡೆ ಇಡೀ ದಿನ ಕೂರಬಹುದು, ಕೆಲವು ಕಡೆ ಗಡಿಯಾರ ನೋಡಿ ಹೊರಗೆ ಕಳಿಸುತ್ತಾರೆ. ಜಗಳ ಬೇಡ, ಆದರೆ ಕೇಳುವುದನ್ನು ಬಿಡಬೇಡಿ. ‘ಡೈಪರ್ ನಾನು ಬದಲಿಸಲೇ? ಬಾಯಿ ಒರೆಸಲೇ?’ ಎಂದು ಕೇಳಿದ ತಾಯಿಗೆ ಮೂರನೇ ದಿನ ನರ್ಸ್ ತಾನಾಗಿಯೇ ಕುರ್ಚಿ ಎಳೆದು ಕೊಡುತ್ತಾರೆ.

ಮೈಗೆ ಮೈ ತಾಗಿಸಿ ಎದೆಯ ಮೇಲೆ ಮಲಗಿಸಿಕೊಳ್ಳುವ ಕಾಂಗರೂ ಆರೈಕೆ ಅಪ್ಪನೂ ಮಾಡಬಹುದಾದದ್ದು. ಹೊಕ್ಕುಳಲ್ಲಿ ನಳಿಕೆ ಇದ್ದರೆ, ಮಗು ತೀರ ಅಸ್ಥಿರವಾಗಿದ್ದರೆ ಒಪ್ಪುವುದಿಲ್ಲ. ಆಗ ಇನ್ನೊಂದು ದಾರಿ: ಒಂದು ಅಂಗೈಯನ್ನು ಮಗುವಿನ ತಲೆಯ ಮೇಲೆ, ಇನ್ನೊಂದನ್ನು ಮಡಿಸಿದ ಕಾಲುಗಳ ಸುತ್ತ ಇಟ್ಟು, ಅಲುಗಿಸದೆ ಹಿಡಿದುಕೊಳ್ಳುವುದು. ಗರ್ಭದಲ್ಲಿ ಮುದುಡಿಕೊಂಡಿದ್ದ ಭಂಗಿ ಅದು. ಸೂಜಿ ಚುಚ್ಚುವಾಗ ಹೀಗೆ ಹಿಡಿದರೆ ಮಗುವಿಗೆ ನೋವು ಕಡಿಮೆಯಾಗುತ್ತದೆ. ಬೆರಳ ತುದಿಯಿಂದ ಮೆಲ್ಲಗೆ ಸವರುವುದು ನಮಗೆ ಪ್ರೀತಿ, ಸುಸ್ತಾದ ಶಿಶುವಿಗೆ ಕಚಗುಳಿಯಂತೆ ಕಿರಿಕಿರಿ. ಸ್ಥಿರವಾಗಿ ಇಟ್ಟ ಕೈಯೇ ಒಳ್ಳೆಯದು.

ಮಾತಾಡಿ. ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ, ಒಂಬತ್ತು ತಿಂಗಳು ಮಗು ಒಳಗಿನಿಂದ ಕೇಳಿದ ದನಿ ನಿಮ್ಮದೇ. ಯಂತ್ರಗಳ ಸದ್ದಿನ ನಡುವೆ ಮಗುವಿಗೆ ಪರಿಚಯವಿರುವುದು ಅದೊಂದೇ. ಮೆಲುದನಿಯ ಜೋಗುಳಕ್ಕೆ ಯಾವ ಡಾಕ್ಟರೂ ಬೇಡ ಎನ್ನುವುದಿಲ್ಲ.

ಹನ್ನೊಂದನೇ ದಿನವೋ ಹನ್ನೆರಡನೇ ದಿನವೋ ಬಂದಾಗ ಮನೆಯಲ್ಲಿ ಒಂದು ಮೌನ ಆವರಿಸುತ್ತದೆ. ತೊಟ್ಟಿಲು ಹಾಕಬೇಕಿತ್ತು, ನೆಂಟರು ಬರಬೇಕಿತ್ತು. ‘ಆಪರೇಷನ್ ಆಗಲಿ, ಆಮೇಲೆ ಹೆಸರಿಡೋಣ’ ಎಂದು ಯಾರೋ ಹೇಳುತ್ತಾರೆ. ಅದರ ಹಿಂದೆ ಏನು ಭಯವಿದೆ ಎಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಸಮಾರಂಭ ಕಾಯಲಿ, ಹೆಸರು ಕಾಯಬೇಕಿಲ್ಲ. ಕೈ ತೊಳೆದು, ಬಗ್ಗಿ, ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಲು ಎರಡು ನಿಮಿಷ ಸಾಕು. ನರ್ಸ್‌ಗೆ ಮೊದಲೇ ತಿಳಿಸಿ. ಹಾಸಿಗೆಯ ಚೀಟಿಯಲ್ಲಿ ‘ಬೇಬಿ ಆಫ್’ ಎಂದಿದ್ದ ಕಡೆ ಅವರೇ ಪೆನ್ನು ತೆಗೆದು ಹೆಸರು ಬರೆಯುವುದೂ ಉಂಟು. ಜನನ ನೋಂದಣಿ ಮಾತ್ರ 21 ದಿನದೊಳಗೆ ಆಗಬೇಕು. ಹೆಸರಿಲ್ಲದೆಯೂ ನೋಂದಾಯಿಸಿ ಆಮೇಲೆ ಸೇರಿಸಬಹುದು.

ಡಾಕ್ಟರ ಜೊತೆ, ಕಚೇರಿಯ ಜೊತೆ

ರೌಂಡ್ಸ್ ಸಮಯ ತಿಳಿದುಕೊಂಡು, ಒಂದು ನೋಟ್‌ಬುಕ್‌ನಲ್ಲಿ ಪ್ರಶ್ನೆ ಬರೆದುಕೊಂಡು ಹೋಗಿ. ದೋಷದ ಹೆಸರೇನು? ಚಿತ್ರ ಬರೆದು ತೋರಿಸುತ್ತೀರಾ? ಒಂದೇ ಆಪರೇಷನ್ ಸಾಕೇ, ಮುಂದೆಯೂ ಬೇಕೇ? ಇಂಥ ಆಪರೇಷನ್ ನಿಮ್ಮಲ್ಲಿ ವರ್ಷಕ್ಕೆ ಎಷ್ಟು ಆಗುತ್ತದೆ, ಫಲಿತಾಂಶ ಹೇಗಿದೆ? ಕೊನೆಯ ಪ್ರಶ್ನೆ ಕೇಳುವುದು ಅವಮರ್ಯಾದೆ ಎಂದು ನಮ್ಮವರು ಹಿಂಜರಿಯುತ್ತಾರೆ. ಒಳ್ಳೆಯ ಸರ್ಜನ್ ಅದಕ್ಕೆ ಬೇಸರಪಡುವುದಿಲ್ಲ. ತಾಯಿಗೆ ಕನ್ನಡ ಮಾತ್ರ ಬರುವುದಾದರೆ ಒಪ್ಪಿಗೆ ಪತ್ರವನ್ನು ಯಾರಿಂದಲಾದರೂ ಕನ್ನಡದಲ್ಲಿ ಹೇಳಿಸಿಕೊಂಡೇ ಸಹಿ ಮಾಡಿ. ಮುಂಬೈ ಆಸ್ಪತ್ರೆಗಳಲ್ಲಿ ಮಂಗಳೂರು, ಉಡುಪಿ ಕಡೆಯ ಸಿಸ್ಟರ್ ಒಬ್ಬರು ಎಲ್ಲಾದರೂ ಸಿಕ್ಕೇ ಸಿಗುತ್ತಾರೆ.

ಅಪಾಯದ ಬಗ್ಗೆಯೂ ನೇರವಾಗಿ ಕೇಳಬೇಕಾಗುತ್ತದೆ. ಕೆಲವು ಮಕ್ಕಳು ಆಪರೇಷನ್‌ವರೆಗೂ ತಲುಪುವುದಿಲ್ಲ. ಕೆಲವು ದೋಷಗಳಿಗೆ ಇಂದಿಗೂ ಪೂರ್ತಿ ಪರಿಹಾರವಿಲ್ಲ. ನಿಮ್ಮ ಮಗು ಆ ಗುಂಪಿನಲ್ಲಿದೆಯೇ ಎಂದು ತಿಳಿಯುವ ಹಕ್ಕು ನಿಮಗಿದೆ. ನೋವಿಲ್ಲದಂತೆ ನೋಡಿಕೊಳ್ಳಿ ಎಂದು ಕೇಳುವ ಹಕ್ಕೂ ಇದೆ.

ಹಣದ ವಿಷಯ. ಮಹಾರಾಷ್ಟ್ರದ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಮತ್ತು ಕೇಂದ್ರದ ಆಯುಷ್ಮಾನ್ ಭಾರತ್‌ನಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಗಳೂ ಸೇರಿವೆ. ಹುಟ್ಟುದೋಷವಿರುವ ಮಕ್ಕಳಿಗಾಗಿ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೂ ಇದೆ. ಯೋಜನೆಗೆ ಒಳಪಟ್ಟ ಆಸ್ಪತ್ರೆಯಲ್ಲಿ ‘ಆರೋಗ್ಯಮಿತ್ರ’ ಎಂಬ ಕೌಂಟರ್ ಇರುತ್ತದೆ, ದಾಖಲಾದ ಮೊದಲ ದಿನವೇ ಅಲ್ಲಿಗೆ ಹೋಗಿ. ಮಗುವಿನ ಹೆಸರು ಇನ್ನೂ ರೇಷನ್ ಕಾರ್ಡ್‌ನಲ್ಲಿ ಇರುವುದಿಲ್ಲ. ಕಾರ್ಡ್ ಊರಿನಲ್ಲಿದ್ದು ಕರ್ನಾಟಕದ್ದಾಗಿದ್ದರೆ ಯಾವ ದಾಖಲೆ ನಡೆಯುತ್ತದೆ ಎಂದು ಅವರನ್ನೇ ಕೇಳಿ. ಕಂಪನಿಯ ಗ್ರೂಪ್ ಪಾಲಿಸಿ ಇದ್ದರೆ ಮಗುವಿನ ಹೆಸರು ಸೇರಿಸಲು ಗಡುವು ಇರುತ್ತದೆ, ಮೊದಲ ವಾರದಲ್ಲೇ ಮೇಲ್ ಹಾಕಿ. ಮುನಿಸಿಪಲ್ ಆಸ್ಪತ್ರೆಗಳಲ್ಲಿ ಸಮಾಜ ಸೇವಾ ವಿಭಾಗದವರು ಟ್ರಸ್ಟ್‌ಗಳಿಗೆ ಅರ್ಜಿ ಹಾಕಿಸುತ್ತಾರೆ.

ರಕ್ತಕ್ಕೆ ದಾನಿಗಳನ್ನು ಕೇಳಿದರೆ ಗೆಳೆಯರನ್ನು ಕರೆತನ್ನಿ. ಅಪ್ಪನ ರಕ್ತವನ್ನೇ ಮಗುವಿಗೆ ಕೊಡಿ ಎಂದು ಹಟ ಬೇಡ. ಹತ್ತಿರದ ರಕ್ತಸಂಬಂಧಿಗಳ ರಕ್ತದಿಂದ ಶಿಶುವಿಗೆ ಅಪರೂಪದ, ಆದರೆ ಭೀಕರವಾದ ತೊಂದರೆಯೊಂದು ಆಗಬಹುದು. ಈ ಕೆಲಸಕ್ಕೆ ಮಾಟುಂಗದಲ್ಲಿ ಜನರ ಬರವಿಲ್ಲ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇಲ್ಲಿದೆ, 1942ರಿಂದ ಊಟ ಬಡಿಸುತ್ತಿರುವ ರಾಮ ನಾಯಕರ ಬೋರ್ಡಿಂಗ್ ಇದೆ, ಬೀದಿ ಬೀದಿಯಲ್ಲಿ ಊರಿನವರಿದ್ದಾರೆ. ‘ಏನಾದರೂ ಬೇಕಾದರೆ ಹೇಳಿ’ ಎಂದವರಿಗೆ ನಿಜವಾಗಿಯೂ ಹೇಳಿ: ರಾತ್ರಿ ಡಬ್ಬಿ ಕಳಿಸಿ, ದೊಡ್ಡ ಮಗುವನ್ನು ಶಾಲೆಯಿಂದ ಕರೆತನ್ನಿ, ಮಂಗಳವಾರ ರಕ್ತ ಕೊಡಿ. ಮಗುವನ್ನು ನೋಡಲು ಮಾತ್ರ ಯಾರೂ ಬರುವುದು ಬೇಡ.

ಯಾರ ತಪ್ಪು?

ಗ್ರಹಣದ ದಿನ ಹೊರಗೆ ಹೋಗಿದ್ದಳು, ಪಪ್ಪಾಯಿ ತಿಂದಿದ್ದಳು, ಏಳನೇ ತಿಂಗಳವರೆಗೆ ಲೋಕಲ್‌ನಲ್ಲಿ ನಿಂತು ಆಫೀಸಿಗೆ ಹೋದಳು. ಕೊನೆಗೆ ಎಲ್ಲವೂ ತಾಯಿಯ ತಲೆಗೇ ಬರುತ್ತದೆ. ಹೃದಯ ರೂಪುಗೊಳ್ಳುವುದು ಮೊದಲ ಎಂಟು ವಾರದಲ್ಲಿ, ಎಷ್ಟೋ ಸಲ ಗರ್ಭ ನಿಂತದ್ದು ಖಚಿತವಾಗುವಷ್ಟರಲ್ಲಿ ಆ ಕೆಲಸ ಬಹುಪಾಲು ಮುಗಿದಿರುತ್ತದೆ. ಹೆಚ್ಚಿನ ಮಕ್ಕಳಲ್ಲಿ ಕಾರಣ ತಿಳಿಯುವುದೇ ಇಲ್ಲ. ಹಿಡಿತವಿಲ್ಲದ ಸಕ್ಕರೆ ಕಾಯಿಲೆ, ಬಸಿರಿನಲ್ಲಿ ರುಬೆಲ್ಲಾ ಸೋಂಕು, ಕೆಲವು ಔಷಧಿಗಳು, ಡೌನ್ ಸಿಂಡ್ರೋಮ್‌ನಂಥ ವರ್ಣತಂತುಗಳ ವ್ಯತ್ಯಾಸ ಕಾರಣವಾಗಬಲ್ಲವು. ಸೋದರಮಾವ, ಅತ್ತೆಮಗನಂಥ ಹತ್ತಿರದ ಸಂಬಂಧದಲ್ಲಿ ಮದುವೆಯಾದವರಲ್ಲಿ ಅಪಾಯ ತುಸು ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ಗ್ರಹಣ ಈ ಪಟ್ಟಿಯಲ್ಲಿಲ್ಲ. ಮುಂದಿನ ಬಸಿರಿನಲ್ಲಿ 18ರಿಂದ 22 ವಾರದ ನಡುವೆ ಗರ್ಭದಲ್ಲಿರುವ ಶಿಶುವಿನ ಹೃದಯದ ಎಕೋ ಮಾಡಿಸುವುದನ್ನು ಮಾತ್ರ ಮರೆಯಬೇಡಿ.

ನಿದ್ದೆಯೇ ಬಾರದೆ, ಊಟ ಸೇರದೆ, ಮಗುವಿನ ಹತ್ತಿರ ಹೋಗಲೇ ಮನಸ್ಸಿಲ್ಲದಂತೆ ಆದರೆ ಅದನ್ನು ಸೋಮಾರಿತನ ಎಂದು ಯಾರೂ ಅನ್ನದಿರಲಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಅಪ್ಪಂದಿರಿಗೂ ಈ ಮಾತು ಅನ್ವಯಿಸುತ್ತದೆ. ಅವರು ಅಳುವುದು ಹೆಚ್ಚಾಗಿ ಪಾರ್ಕಿಂಗ್‌ನಲ್ಲಿ.

ಆ ದಿನ

ಎದೆಹಾಲನ್ನು ಅರಿವಳಿಕೆಗೆ ಸಾಮಾನ್ಯವಾಗಿ ನಾಲ್ಕು ಗಂಟೆ ಮುಂಚೆ ನಿಲ್ಲಿಸುತ್ತಾರೆ. ಕೊನೆಯ ಗಳಿಗೆಯಲ್ಲಿ ತುರ್ತು ಕೇಸು ಬಂದು ನಿಮ್ಮ ಸರದಿ ಮುಂದಕ್ಕೆ ಹೋಗಬಹುದು, ಒಮ್ಮೆಯಲ್ಲ, ಎರಡು ಸಲ. ಸಿಟ್ಟು ಬರುವುದು ಸಹಜ. ಮತ್ತೆ ಹಾಲು ಯಾವಾಗ ಕೊಡುತ್ತೀರಿ ಎಂದು ಕೇಳುವುದನ್ನು ಮರೆಯಬೇಡಿ. ಆಪರೇಷನ್ ಆದ ಮೇಲೆ ಮಗು ಹೇಗೆ ಕಾಣುತ್ತದೆ ಎಂಬುದನ್ನೂ ಮುಂಚೆಯೇ ಕೇಳಿಟ್ಟುಕೊಳ್ಳಿ: ಮುಖ ಊದಿರುತ್ತದೆ, ಬಾಯಲ್ಲಿ ಉಸಿರಿನ ನಳಿಕೆ, ಎದೆಯಿಂದ ಹೊರಬಂದ ಕೊಳವೆಗಳು. ಕೆಲವು ಮಕ್ಕಳ ಎದೆಯನ್ನು ಒಂದೆರಡು ದಿನ ಹೊಲಿಯದೆ ಬರೀ ಮುಚ್ಚಿರುತ್ತಾರೆ, ಊತ ಇಳಿಯಲಿ ಎಂದು.

ಥಿಯೇಟರ್ ಬಾಗಿಲಲ್ಲಿ ಮಗುವನ್ನು ಕೊಟ್ಟ ಮೇಲೆ ನಾಲ್ಕೈದು ಗಂಟೆ, ಕೆಲವೊಮ್ಮೆ ಎಂಟು ಗಂಟೆ ನಿಮ್ಮ ಕೈ ಖಾಲಿ. ಅಷ್ಟರಲ್ಲಿ ಹಾಲು ಹಿಂಡುವ ಎರಡು ಸರದಿ ಬರುತ್ತವೆ. ಕೋಣೆ ಕೇಳಿ ಪಡೆದು, ಕೈ ತೊಳೆದು ಹಿಂಡಿ. ಡಬ್ಬಿಯ ಮೇಲೆ ಗಂಟೆ ಬರೆದು ಸಿಸ್ಟರ್ ಕೈಗೆ ಕೊಡಿ.